ಊಟಕ್ಕೆ ಕೂತಾಗ ಅಮ್ಮ ಹೇಳಿದ ಮಾತು

ಈಚೆಗೆ ಎರಡು ಆತ್ಮಕಥೆ, ಒಂದು ಕಥಾಸಂಕಲನ ಓದಿ ಮುಗಿಸಿದೆ. ಲೆಕ್ಕಾಚಾರ ಏನೂ ಇರಲಿಲ್ಲ, ಸುಮ್ನೆ ಕೈಗೆ ಸಿಕ್ಕ ಹಾಗೆ ಓದಿದ್ದು.

ಮೊದಲು ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’. 2011ರಲ್ಲಿ ಬಂದ ಪುಸ್ತಕ, ಈಗ ಓದಿದೆ ಅಂದರೆ ನಗಬೇಡಿ. ಶುರುವಾಗುವುದೇ ಊಟದ ಹೊತ್ತಿನಲ್ಲಿ. 1973, ಧಾರವಾಡದ ಮನೆ. ಮಗನಿಗೆ 35 ವರ್ಷ, ಹೆಸರು ಬಂದಿದೆ. ಇವನು ಬೇಡ ಅಂತ ಅಂದುಕೊಂಡಿದ್ದೆವಲ್ಲ ಎಂದು ಅಮ್ಮ ಮಾಮೂಲಿ ಮಾತಿನ ಹಾಗೆ ಅಪ್ಪನಿಗೆ ನೆನಪಿಸುತ್ತಾರೆ. ಹೊಟ್ಟೆಯಲ್ಲಿದ್ದ ಮಗು ಬೇಡವೆಂದು ಪುಣೆಯಲ್ಲಿ ಡಾಕ್ಟರ್ ಮಧುಮಾಲತಿ ಗುಣೆ ಅವರ ಕ್ಲಿನಿಕ್ಕಿಗೆ ಹೋಗಿದ್ದರಂತೆ. ಡಾಕ್ಟರ್ ಬರಲೇ ಇಲ್ಲ. ಕಾದರು, ಎದ್ದು ಬಂದರು. ಅಷ್ಟೇ. ಆ ದಿನ ಬಾರದ ಡಾಕ್ಟರಿಗೇ ಕಾರ್ನಾಡರು ಪುಸ್ತಕ ಅರ್ಪಿಸಿದ್ದಾರೆ. ಅಲ್ಲಿಂದ ಮುಂದಿನ ನಾಟಕ, ಸಿನಿಮಾದ ಕಥೆಗಳನ್ನೂ ಖುಷಿಯಿಂದಲೇ ಓದಿದೆ. ಆದರೆ ಮನಸ್ಸು ಮತ್ತೆ ಮತ್ತೆ ಆ ಊಟದ ಹೊತ್ತಿಗೇ ಓಡುತ್ತಿತ್ತು.

ಆಮೇಲೆ ಸಿದ್ದಲಿಂಗಯ್ಯನವರ ‘ಊರುಕೇರಿ’. ಇದರ ಮೊದಲಲ್ಲಿ ಅಪ್ಪ. ಒಬ್ಬರು ಹೊಲ ಉಳುತ್ತಿದ್ದಾರೆ. ಎತ್ತಿನ ಜಾಗದಲ್ಲಿ ನೊಗ ಹೊತ್ತವರು ಇಬ್ಬರು ಮನುಷ್ಯರು. ಅವರಲ್ಲಿ ಒಬ್ಬರು ಹುಡುಗ ಸಿದ್ದಲಿಂಗಯ್ಯನವರ ಅಪ್ಪ. ಇಷ್ಟನ್ನು ನಾಲ್ಕಾರು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾರೆ. ಗೋಳಾಡುವುದಿಲ್ಲ, ನಮಗೂ ಗೋಳಾಡಲು ಬಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ನಗಿಸುತ್ತಾರೆ ಬೇರೆ! ನಗುತ್ತಾ ನಗುತ್ತಾ ಆ ನೊಗ ನೆನಪಾಗಿ ನಾಚಿಕೆಯಾಗುತ್ತದೆ. ಆತ್ಮಕಥೆಗಳ ಬಗ್ಗೆ ನನಗೊಂದು ತಕರಾರು ಇದೆ. ಅರ್ಧ ದಾಟುತ್ತಿದ್ದ ಹಾಗೆ ಎಷ್ಟೋ ಪುಸ್ತಕಗಳು ಸನ್ಮಾನ, ಶಾಲು, ವಿದೇಶ ಪ್ರವಾಸದ ಪಟ್ಟಿಯಾಗುತ್ತವೆ. ‘ಊರುಕೇರಿ’ ಓದುವಾಗ ಆ ತಕರಾರು ನೆನಪಿಗೇ ಬರಲಿಲ್ಲ.

ಕಥೆಗಳು ಬಾನು ಮುಷ್ತಾಕ್ ಅವರದು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದರಲ್ಲಿರುವ 12 ಕಥೆ. ಕನ್ನಡದವಳಾಗಿ ಇಂಗ್ಲಿಷಿನಲ್ಲಿ ಓದಿದ್ದಕ್ಕೆ ಅಕ್ಕ ಚೆನ್ನಾಗಿ ಬೈದಳು. ಒಂದು ತಪ್ಪು ನಾನೂ ಮಾಡಿದೆ. ಆತ್ಮಕಥೆ ಓದಿದ ಅದೇ ಓಟದಲ್ಲಿ ಒಂದೇ ದಿನ ಐದು ಕಥೆ ಓದಿಬಿಟ್ಟೆ. ಮಾರನೇ ದಿನ ಯಾವ ಗಂಡ ಯಾವ ಕಥೆಯವನು ಅಂತಲೇ ಗೊತ್ತಾಗಲಿಲ್ಲ. ಆಮೇಲೆ ರಾತ್ರಿಗೊಂದು ಕಥೆ, ದೀಪ ಆರಿಸಿ ಮಲಗುವುದು ಅಂತ ಮಾಡಿಕೊಂಡೆ.

ಶೀರ್ಷಿಕೆಯ ಕಥೆ ಓದಿದ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಗಂಡ ಬೇರೆ ಹೆಂಗಸಿನ ಹಿಂದೆ ಹೋಗಿದ್ದಾನೆ. ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬಂದರೆ ಅಣ್ಣಂದಿರೇ ವಾಪಸ್ಸು ಕರೆದುಕೊಂಡು ಹೋಗಿ ಬಿಡುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ದೊಡ್ಡ ಮಗಳು ಸಲ್ಮಾ. ಆ ಮನೆಯಲ್ಲಿ ಅಮ್ಮನ ಮುಖವನ್ನು ಸರಿಯಾಗಿ ನೋಡಿದವಳು ಅವಳೊಬ್ಬಳೇ ಅನ್ನಿಸಿತು.

ಆಗ ಹೊಳೆಯಿತು, ಮೂರರಲ್ಲೂ ನನ್ನನ್ನು ಹಿಡಿದಿದ್ದು ಒಂದೇ. ಅಪ್ಪ ಅಮ್ಮನಿಗೂ ನಮ್ಮನ್ನು ಬಿಟ್ಟು ಒಂದು ಬದುಕು ಇತ್ತು ಅಂತ ಮಕ್ಕಳಿಗೆ ಗೊತ್ತಾಗುವ ಗಳಿಗೆ.

ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿದೆ. ನಾನು ಹೊಟ್ಟೆಯಲ್ಲಿದ್ದಾಗ ನಿನಗೆ ಏನನ್ನಿಸಿತ್ತು ಅಂತ ಕೇಳಿದೆ.

“ಈಗ್ಯಾಕೆ ಅದೆಲ್ಲ?” ಅಂದಳು.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು: “ಆ ವರ್ಷ ಟೈಪಿಂಗ್ ಸೀನಿಯರ್ ಪರೀಕ್ಷೆ ಕಟ್ಟಿದ್ದೆ. ಹೋಗೋಕಾಗಲಿಲ್ಲ.”

ಅಮ್ಮನಿಗೆ ಟೈಪಿಂಗ್ ಬರುತ್ತದೆ ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.