ಹೊಸ ಬಣ್ಣದ ಅಡಿಯಲ್ಲಿ ಹಳೆಯ ತುಕ್ಕು: ಮಾರಿಸ್ ಮೈನರ್ ಕೆಲಸದ ದಿನಚರಿ

ಗಾಡಿ 1964ರ ಮಾರಿಸ್ ಮೈನರ್ 1000 ಕಾರು, ಎರಡು ಬಾಗಿಲಿನದು, 1098 ಸಿ.ಸಿ. ಎಂಜಿನ್. ಟಿಂಕರಿಂಗ್, ಪುಟ್ಟಿ, ಪ್ರೈಮರ್ ಎಲ್ಲವನ್ನೂ ಬಿಡುವಿನ ದಿನಗಳಲ್ಲಿ ನಾನೇ ಮಾಡಿದ್ದೇನೆ. ಈ ಭಾಗದಲ್ಲಿ ದಿನಗಳನ್ನು ಕೊನೆಯ ಕೋಟ್ ಬಣ್ಣ ಹೊಡೆದ ದಿನದಿಂದ ಎಣಿಸಿದ್ದೇನೆ.

78ನೆಯ ದಿನ

ಗಾಡಿಯನ್ನು ತೊಳೆದು ಒರೆಸುತ್ತಿದ್ದಾಗ ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಮೇಲೆ, ಚಕ್ರದ ಕಮಾನಿನಿಂದ ನಾಲ್ಕು ಬೆರಳು ಮೇಲಕ್ಕೆ, ಬಟ್ಟೆಯಡಿಯಲ್ಲಿ ಏನೋ ತರಿತರಿಯಾಗಿ ತಾಗಿತು. ಬೆಳಕನ್ನು ಓರೆಯಾಗಿ ಹಿಡಿದು ನೋಡಿದರೆ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆಗಳು, ಅಂಗೈ ಅಗಲದ ಜಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು. ಬಣ್ಣ ಎಲ್ಲಿಯೂ ಒಡೆದಿರಲಿಲ್ಲ, ಹೊಳಪೂ ಮಾಸಿರಲಿಲ್ಲ; ಆದರೆ ಎರಡು ಗುಳ್ಳೆಗಳ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಕಾಣಿಸಿಕೊಂಡಿತ್ತು.

ಒಂದು ಕಡೆ ಕಂಡ ಮೇಲೆ ಉಳಿದ ಕಡೆ ಹುಡುಕದೆ ಇರಲಾಗಲಿಲ್ಲ. ಬಾನೆಟ್ಟಿನ ಮೇಲೆ ಅಲ್ಲಲ್ಲಿ ಕೇಸರಿ ಬಣ್ಣದ ಸಣ್ಣ ಚುಕ್ಕೆಗಳಿದ್ದವು. ಬಲ ಬಾಗಿಲಿನ ಕೆಳಅಂಚಿನ ಮಡಿಕೆಯಿಂದ ಕಂದು ನೀರಿನ ಒಂದು ಗೆರೆ ಇಳಿದು ಒಣಗಿತ್ತು. ಎರಡು ವರ್ಷದ ಕೆಲಸದ ಮೇಲೆ ಮೂರು ತಿಂಗಳೊಳಗೆ ಇದನ್ನು ಕಂಡಾಗ ಮನಸ್ಸಿಗಾದ ನೋವನ್ನು ಬಚ್ಚಿಡುವುದಿಲ್ಲ. ಆ ಸಂಜೆ ಯಾವುದನ್ನೂ ಕೆರೆಯದೆ, ಫೋಟೋ ಮಾತ್ರ ತೆಗೆದುಕೊಂಡು, ಗುಳ್ಳೆಗಳ ಸುತ್ತ ಕಾಗದದ ಟೇಪು ಅಂಟಿಸಿ, ಅಂಚುಗಳನ್ನು ಪೆನ್ಸಿಲಿನಿಂದ ಗುರುತಿಸಿ ಶೆಡ್ಡಿನ ಬಾಗಿಲು ಹಾಕಿದೆ. ಗುರುತಿಲ್ಲದಿದ್ದರೆ ತುಕ್ಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದನ್ನು ನೆನಪಿನ ಮೇಲೆ ಹೇಳಬೇಕಾಗುತ್ತದೆ, ಆ ನೆನಪನ್ನು ಭಯ ಸುಲಭವಾಗಿ ತಿದ್ದಿಬಿಡುತ್ತದೆ.

80ನೆಯ ದಿನ

ಮೊದಲು ಬಾನೆಟ್. ಬೆರಳಾಡಿಸಿದರೆ ಚುಕ್ಕೆಗಳು ಮೇಲ್ಮೈಗಿಂತ ತುಸು ಎತ್ತರದಲ್ಲಿದ್ದವು, ಭೂತಗನ್ನಡಿಯಲ್ಲಿ ಪ್ರತಿಯೊಂದರ ನಡುವೆ ಒಂದು ಕಪ್ಪು ಕಣ ಕಾಣುತ್ತಿತ್ತು. ಬಣ್ಣದ ಮೇಲೆ ಕೂತ ಕಬ್ಬಿಣದ ಕಣಗಳನ್ನು ಕರಗಿಸುವ, ಥಯೋಗ್ಲೈಕೋಲೇಟ್ ಇರುವ ದ್ರಾವಣವನ್ನು ಸಿಂಪಡಿಸಿದಾಗ ಎರಡು ನಿಮಿಷದಲ್ಲಿ ಚುಕ್ಕೆಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಇಳಿದವು. ನೀರು ಹಾಕಿ ತೊಳೆದ ಮೇಲೆ ಅಡಿಯ ಬಣ್ಣ ಅಖಂಡವಾಗಿತ್ತು. ಬಣ್ಣ ಹೊಡೆದ ನಂತರ ಬಂಪರಿನ ಬ್ರಾಕೆಟ್ಟನ್ನು ಅದೇ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ತಿದ್ದಿದ್ದೆ. ಆಗ ಹಾರಿದ ಬಿಸಿ ಉಕ್ಕಿನ ಕಿಡಿಗಳು ಇನ್ನೂ ಪೂರ್ತಿ ಗಟ್ಟಿಯಾಗದ ಬಣ್ಣದ ಮೇಲೆ ಬಿದ್ದು ಅಂಟಿಕೊಂಡು ಆಮೇಲೆ ತುಕ್ಕು ಹಿಡಿದಿವೆ. ಇದು ಗಾಡಿಯ ತುಕ್ಕಲ್ಲ, ಗಾಡಿಯ ಮೇಲೆ ಬಿದ್ದ ತುಕ್ಕು. ಇನ್ನು ಮುಂದೆ ಗ್ರೈಂಡರ್ ಕೆಲಸವೆಲ್ಲ ಹೊರಗೆ.

ಮಡ್‌ಗಾರ್ಡಿನ ಗುಳ್ಳೆಗಳ ಮೇಲೂ ಅದೇ ದ್ರಾವಣ ಹಾಕಿ ನೋಡಿದೆ. ನೆತ್ತಿಯ ಎರಡು ಚುಕ್ಕೆಗಳು ಮಾತ್ರ ಮಸುಕಾಗಿ ನೇರಳೆಯಾದವು, ಗುಳ್ಳೆಗಳು ಇದ್ದಂತೆಯೇ ಇದ್ದವು. ಅಂದರೆ ಅಲ್ಲಿಯ ಕಬ್ಬಿಣ ಒಳಗಿನಿಂದ ಬರುತ್ತಿದೆ.

85ನೆಯ ದಿನ

ಬಾಗಿಲಿನ ವಿಷಯ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಗಿಲಿನ ಹೊರತಗಡನ್ನು ಒಳಚೌಕಟ್ಟಿನ ಅಂಚಿನ ಮೇಲೆ ಮಡಿಸಿ ಒತ್ತಿರುತ್ತಾರೆ. ಆ ಮಡಿಕೆಯೊಳಗೆ ಯಾವ ಬಣ್ಣವೂ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಕಿಟಕಿಯ ಗಾಜಿನ ಮೇಲಿಂದ ಇಳಿಯುವ ನೀರು ರಬ್ಬರನ್ನು ದಾಟಿ ಬಾಗಿಲಿನೊಳಕ್ಕೆ ಬೀಳುವುದು ಸಹಜವೇ, ಅದಕ್ಕೆಂದೇ ಕೆಳಗೆ ನೀರಿಳಿಯುವ ತೂತುಗಳಿರುತ್ತವೆ. ಒಳಬದಿಯ ಹಲಗೆ ಬಿಚ್ಚಿ ನೋಡಿದರೆ ಮೂರು ತೂತುಗಳಲ್ಲಿ ಎರಡನ್ನು ನನ್ನ ಪ್ರೈಮರ್ ಮುಚ್ಚಿತ್ತು. ಮಡಿಕೆಯಂತಹ ಇರುಕಿನಲ್ಲಿ ನಿಂತ ನೀರಿನ ಆಮ್ಲಜನಕ ಬೇಗ ತೀರಿಹೋಗುತ್ತದೆ, ಹೊರಗಿನ ನೀರಿಗೆ ಗಾಳಿಯಿಂದ ಸಿಗುತ್ತಲೇ ಇರುತ್ತದೆ. ಈ ವ್ಯತ್ಯಾಸದಿಂದಲೇ ಅಲ್ಲೊಂದು ಸಣ್ಣ ವಿದ್ಯುತ್ ಕೋಶ ಹುಟ್ಟಿ, ಗಾಳಿ ಸಿಗದ ಒಳಭಾಗದ ಕಬ್ಬಿಣವೇ ಕರಗತೊಡಗುತ್ತದೆ.

ತೂತುಗಳನ್ನು ಬಿಡಿಸಿ, ಎರಡು ದಿನ ಬಿಸಿಗಾಳಿ ಹಾಯಿಸಿ ಒಣಗಿಸಿ, ಬಾಗಿಲು ಬೆಚ್ಚಗಿರುವಾಗಲೇ ತೆಳುವಾಗಿ ಹರಿಯುವ ಮೇಣವನ್ನು ಒಳಗಿನಿಂದ ಸಿಂಪಡಿಸಿದೆ. ಅದು ಮಡಿಕೆಯ ಹೊರಅಂಚಿನಲ್ಲಿ ಜಿನುಗಿ ಕಾಣಿಸಿಕೊಳ್ಳುವವರೆಗೂ ಬಿಡಲಿಲ್ಲ. ಹೊರತಗಡು ಬಿಚ್ಚಿ ಹೊಸದಾಗಿ ಮಡಿಸುವುದೇ ಪೂರ್ಣ ಪರಿಹಾರ ಎಂಬುದು ನನಗೆ ಗೊತ್ತಿದೆ. ಮಡಿಕೆ ಇನ್ನೂ ಉಬ್ಬಿಲ್ಲದ ಕಾರಣ ಅದನ್ನು ಸದ್ಯಕ್ಕೆ ಮುಂದೂಡಿದ್ದೇನೆ.

91ನೆಯ ದಿನ

ಪೆನ್ಸಿಲ್ ಗುರುತಿನಿಂದ ಆಚೆಗೆ ನಾಲ್ಕು ಹೊಸ ಗುಳ್ಳೆಗಳು. ತುಕ್ಕು ನಿಂತಿಲ್ಲ.

ಗೆಳೆಯರೊಬ್ಬರು ಬಂದು ನೋಡಿ, ಬಣ್ಣವೇ ಕಳಪೆಯಿರಬೇಕು ಎಂದರು. ಇನ್ನೊಬ್ಬರು ಕಂಪ್ರೆಸರಿನ ಗಾಳಿಯಲ್ಲಿ ನೀರು ಬಂದಿರಬೇಕು ಎಂದರು. ಎರಡನೆಯದನ್ನು ಪರೀಕ್ಷಿಸುವುದು ಸುಲಭ: ಗನ್ನಿನಲ್ಲಿ ಬಣ್ಣವಿಲ್ಲದೆ ಬರೀ ಗಾಳಿಯನ್ನು ಬಿಳಿಯ ಹೀರುಕಾಗದದ ಮೇಲೆ ಐದು ನಿಮಿಷ ಬಿಟ್ಟೆ, ಕಾಗದ ಒಣಗಿಯೇ ಇತ್ತು. ಬಣ್ಣದ ಮೇಲಿನ ಅನುಮಾನಕ್ಕೆ ಉತ್ತರ ಗಾಡಿಯಲ್ಲಿಯೇ ಇದೆ. ಬಲಗಡೆಯ ಹಿಂದಿನ ಮಡ್‌ಗಾರ್ಡಿಗೆ ಅದೇ ಡಬ್ಬಿಯ ಬಣ್ಣವನ್ನು, ಅದೇ ದಿನ, ಅದೇ ಗನ್ನಿನಿಂದ ಹೊಡೆದಿದ್ದೇನೆ. ಅದರ ಮೇಲೆ ಒಂದೂ ಗುಳ್ಳೆಯಿಲ್ಲ.

ಹಾಗಾದರೆ ಎರಡು ಮಡ್‌ಗಾರ್ಡುಗಳಿಗೆ ನಾನು ಬೇರೆಬೇರೆಯಾಗಿ ಏನು ಮಾಡಿದೆ ಎಂಬುದಷ್ಟೇ ಪ್ರಶ್ನೆ. ಹಳೆಯ ಪುಟಗಳನ್ನು ತೆಗೆದು ಓದಿದೆ. ಬಲಗಡೆಯದು ತೀರಾ ಕೆಟ್ಟಿದ್ದರಿಂದ ಸ್ಯಾಂಡ್ ಬ್ಲಾಸ್ಟ್ ಮಾಡಿಸಿ (ಒತ್ತಡದ ಗಾಳಿಯಲ್ಲಿ ಮರಳು ಹೊಡೆದು ತುಕ್ಕು ತೆಗೆಸಿ), ಅದೇ ಮಧ್ಯಾಹ್ನ ಬರಿಯ ತಗಡಿನ ಮೇಲೆ ಎರಡು ದ್ರವ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಹೊಡೆದು, ಪುಟ್ಟಿಯನ್ನು ಆ ಎಪಾಕ್ಸಿಯ ಮೇಲೆ ಹಾಕಿದ್ದೆ. ಎಡಗಡೆಯದು ನೋಡಲು ಚೆನ್ನಾಗಿತ್ತು. ಆದ್ದರಿಂದ ಅದನ್ನು ಶೆಡ್ಡಿನಲ್ಲಿಯೇ ವೈರ್ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಬಳಿದು, ಮರುದಿನ ಅದರ ಮೇಲೆಯೇ ಪುಟ್ಟಿ ಹಾಕಿ, ನೀರು ಹಾಕಿ ಎಮರಿ ಕಾಗದದಲ್ಲಿ ಉಜ್ಜಿ, ಸಂಜೆಯೇ ಪ್ರೈಮರ್ ಹೊಡೆದಿದ್ದೆ. ಆಮ್ಲವನ್ನು ತೊಳೆದೆ ಎಂಬ ಮಾತು ಆ ಪುಟದಲ್ಲಿ ಎಲ್ಲಿಯೂ ಇಲ್ಲ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ವಿಷಯ ಇಷ್ಟೇ: ಬಣ್ಣದ ಮೇಲೆ ತುಕ್ಕು ಬರಲಿಲ್ಲ, ತುಕ್ಕಿನ ಮೇಲೆ ಬಣ್ಣ ಬಂದಿತ್ತು.

93ನೆಯ ದಿನ

ಒಂದು ಗುಳ್ಳೆಯನ್ನು ಸೂಜಿಯಿಂದ ಚುಚ್ಚಿದೆ. ಒಳಗೆ ಒಂದು ಹನಿ ನೀರಿತ್ತು. ಅದನ್ನು ಪಿ.ಎಚ್. ಕಾಗದಕ್ಕೆ ತಾಗಿಸಿದಾಗ ಬಂದ ಬಣ್ಣ 4ರ ಹತ್ತಿರದ್ದು, ಅಂದರೆ ಆಮ್ಲ. ಗುಳ್ಳೆ ಏಕೆ ಎದ್ದಿತು ಎಂಬುದಕ್ಕೆ ಆ ಹನಿಯೇ ಸಾಕ್ಷಿ. ಬಣ್ಣದ ಪದರ ನೀರನ್ನು ಪೂರ್ತಿ ತಡೆಯುವುದಿಲ್ಲ, ಆವಿಯ ರೂಪದಲ್ಲಿ ನಿಧಾನವಾಗಿ ಒಳಬಿಡುತ್ತದೆ. ಅಡಿಯಲ್ಲಿ ಕರಗುವಂತಹ ಲವಣವೋ ಆಮ್ಲದ ಶೇಷವೋ ಇದ್ದರೆ ಅದು ಆ ತೇವವನ್ನು ಹೀರಿ ದ್ರಾವಣವಾಗುತ್ತದೆ. ಆಮೇಲೆ ಪದರದ ಆಚೆಗಿನ ನೀರಿಗೂ ಈಚೆಗಿನ ದ್ರಾವಣಕ್ಕೂ ಇರುವ ಸಾಂದ್ರತೆಯ ವ್ಯತ್ಯಾಸವೇ ಇನ್ನಷ್ಟು ನೀರನ್ನು ಒಳಗೆಳೆದು ಬಣ್ಣವನ್ನು ಮೇಲೆತ್ತುತ್ತದೆ. ಬೇರಿನೊಳಕ್ಕೆ ನೀರು ನುಗ್ಗುವ ಪರಾಸರಣವೇ ಇದು. ಪಾಲಿಯೆಸ್ಟರ್ ಪುಟ್ಟಿಯೂ ತೇವ ಹಿಡಿಯುತ್ತದೆ. ನಾನು ಉಜ್ಜುವಾಗ ಬಳಸಿದ ನೀರಿನ ಒಂದು ಪಾಲು ಪುಟ್ಟಿಯ ಸೂಕ್ಷ್ಮ ರಂಧ್ರಗಳಲ್ಲಿ ಕೂತು, ಅದೇ ಸಂಜೆಯ ಪ್ರೈಮರಿನ ಅಡಿ ಸೆರೆಯಾಗಿರಬೇಕು.

98ರಿಂದ 104ನೆಯ ದಿನ

ಮೈನರಿನ ಹಿಂದಿನ ಮಡ್‌ಗಾರ್ಡುಗಳು ಬೋಲ್ಟುಗಳ ಮೇಲೆ ನಿಲ್ಲುತ್ತವೆ, ನಡುವೆ ಸಂದು ಮುಚ್ಚುವ ಒಂದು ಪಟ್ಟಿ, ಬೀಡಿಂಗ್, ಇರುತ್ತದೆ. ಹಾಗಾಗಿ ಬಿಚ್ಚಿ ಮೇಜಿನ ಮೇಲಿಟ್ಟು ಕೆಲಸ ಮಾಡಲು ಸಾಧ್ಯವಾಯಿತು. ಇದೇ ತುಕ್ಕು ಛಾವಣಿಯ ಮೇಲಾಗಿದ್ದರೆ ಏನು ಮಾಡುತ್ತಿದ್ದೆನೋ. ಬಣ್ಣವನ್ನು ಒಂದೊಂದೇ ಪದರವಾಗಿ ಉಜ್ಜುತ್ತಾ ಹೋದೆ. ಹಳೆಯ ಗಾಡಿಯ ಮೂಲ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ, ಅಂಚಿನಲ್ಲಿ ಅದು ಉಳಿದ ಕಡೆ ಒಣದಾಗಿ ಉಜ್ಜಲಿಲ್ಲ, ಮಾಸ್ಕನ್ನೂ ತೆಗೆಯಲಿಲ್ಲ.

ಮೇಲ್ಬಣ್ಣ ಚೆನ್ನಾಗಿತ್ತು, ಪ್ರೈಮರ್ ಚೆನ್ನಾಗಿತ್ತು. ಪುಟ್ಟಿ ಮಾತ್ರ ಚಾಕುವಿನ ಮೊನೆ ತಾಗಿದ ಕೂಡಲೇ ಬಿಲ್ಲೆಯಂತೆ ಎದ್ದುಬಂತು. ಅದರ ಅಡಿಬದಿಯಲ್ಲಿ ತಗಡಿನ ಪ್ರತಿ ಗುಳಿಯ ಅಚ್ಚೂ ಕಂದು ಚುಕ್ಕೆಯಾಗಿ ಮೂಡಿತ್ತು. ತಗಡಿನ ಮೇಲೆ ನೋಡಿದರೆ ಗುಳಿಗಳ ಅಂಚು ಹೊಳೆಯುತ್ತಿತ್ತು, ತಳ ಕಪ್ಪಾಗಿತ್ತು. ವೈರ್ ಬ್ರಷ್ ಮಾಡುವುದು ಇದನ್ನೇ: ಮೇಲ್ಮೈಯನ್ನು ಹೊಳಪುಗೊಳಿಸುತ್ತದೆ, ಗುಳಿಯ ತಳವನ್ನು ಮುಟ್ಟುವುದಿಲ್ಲ, ಕೆಲವೊಮ್ಮೆ ತುಕ್ಕನ್ನೇ ಒತ್ತಿ ನುಣುಪಾಗಿಸಿ ಲೋಹದಂತೆ ಕಾಣಿಸುತ್ತದೆ. ಆ ತಳದಲ್ಲಿ ರಸ್ತೆಯ ಕೆಸರಿನಿಂದಲೋ ಬೆವರುಗೈಯಿಂದಲೋ ಬಂದ ಕ್ಲೋರೈಡ್ ಇದ್ದರೆ ಅದು ಕಬ್ಬಿಣದೊಡನೆ ಸೇರಿ, ನೀರಿನೊಡನೆ ವರ್ತಿಸಿ, ಆಮ್ಲವಾಗಿ, ಮತ್ತೆ ಕಬ್ಬಿಣವನ್ನು ಕರಗಿಸುತ್ತದೆ. ಈ ಸುತ್ತಿನಲ್ಲಿ ಕ್ಲೋರೈಡ್ ಖರ್ಚಾಗುವುದಿಲ್ಲ, ಆದ್ದರಿಂದಲೇ ಬಹಳ ಸ್ವಲ್ಪವಿದ್ದರೂ ಸಾಕು. ಹುಟ್ಟುವ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರವನ್ನು ಅದೇ ಎಬ್ಬಿಸುತ್ತದೆ.

109ನೆಯ ದಿನ

ಗುಳಿಗಳಿರುವ ಜಾಗಕ್ಕೆ ಮಾತ್ರ ಸಣ್ಣ ಹರಳಿನಿಂದ, ಕಡಿಮೆ ಒತ್ತಡದಲ್ಲಿ, ಗನ್ನನ್ನು ಒಂದೆಡೆ ನಿಲ್ಲಿಸದೆ ಬ್ಲಾಸ್ಟ್ ಮಾಡಿದೆ. ಅಗಲವಾದ ತೆಳು ತಗಡಿಗೆ ಜೋರಾಗಿ ಹೊಡೆದರೆ ಅದು ಹಿಗ್ಗಿ ಸೊಟ್ಟಗಾಗುತ್ತದೆ, ಆಮೇಲೆ ತಿದ್ದುವುದು ತುಕ್ಕಿಗಿಂತ ದೊಡ್ಡ ತಲೆನೋವು. ಗುಳಿಗಳ ತಳ ಬೂದುಬಣ್ಣಕ್ಕೆ ಬಂತು. ಆದರೆ ಈ ಸಲ ಕಣ್ಣನ್ನು ನಂಬುವ ಮನಸ್ಸಿರಲಿಲ್ಲ.

ಹೀರುಕಾಗದವನ್ನು ಪೊಟ್ಯಾಸಿಯಂ ಫೆರಿಸೈನೈಡ್ ದ್ರಾವಣದಲ್ಲಿ ಅದ್ದಿ ಒಣಗಿಸಿಟ್ಟುಕೊಂಡಿದ್ದೆ. ತಗಡಿನ ಮೇಲೆ ಬಟ್ಟಿ ಇಳಿಸಿದ ನೀರನ್ನು ಮಂಜಿನಂತೆ ಸಿಂಪಡಿಸಿ, ಅದು ಇನ್ನೇನು ಆರುತ್ತದೆ ಎನ್ನುವಾಗ ಕಾಗದವನ್ನು ಕೆಲವು ಸೆಕೆಂಡು ಒತ್ತಿ ತೆಗೆದರೆ, ಕರಗುವ ಕಬ್ಬಿಣದ ಲವಣ ಇರುವ ಕಡೆ ಕಡುನೀಲಿ ಚುಕ್ಕೆ ಮೂಡುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಶುದ್ಧ ತಗಡೂ ನೀಲಿ ಕೊಡುತ್ತದೆಯಾದ್ದರಿಂದ ಕೈ ಚುರುಕಾಗಿರಬೇಕು. ಮೊದಲನೆಯ ಕಾಗದದಲ್ಲಿ ಹನ್ನೊಂದು ಚುಕ್ಕೆಗಳು! ಕಣ್ಣಿಗೆ ಸಂಪೂರ್ಣ ಸ್ವಚ್ಛವಾಗಿ ಕಂಡ ತಗಡು ಅದು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಹನ್ನೊಂದು ಚುಕ್ಕೆಗಳು ಎಂದರೆ ಇವೇ. ಬಿಸಿಯಾದ ಬಟ್ಟಿ ನೀರಿನಲ್ಲಿ ತೊಳೆದು, ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ, ಮತ್ತೆ ಬ್ಲಾಸ್ಟ್ ಮಾಡಿದೆ. ಎರಡನೆಯ ಕಾಗದದಲ್ಲಿ ಮೂರು. ಮೂರನೆಯದು ಬಿಳಿಯಾಗಿಯೇ ಬಂತು.

110ನೆಯ ದಿನ

ಪ್ರೈಮರ್ ಹೊಡೆಯಲು ಬೆಳಿಗ್ಗೆಯೇ ಸಿದ್ಧನಾಗಿದ್ದೆ, ಆದರೆ ಹೊಡೆಯಲಿಲ್ಲ. ಶೆಡ್ಡಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ 80 ಶೇಕಡ. ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ಹನಿಯಾಗತೊಡಗುವ ಉಷ್ಣತೆ, ಸುಮಾರು 26 ಡಿಗ್ರಿ. ಬಣ್ಣ ಹೊಡೆಯುವ ಲೋಹ ಅದಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಲೇಪನದ ಕೆಲಸದಲ್ಲಿ ಎಲ್ಲರೂ ಪಾಲಿಸುವ ನಿಯಮ. ರಾತ್ರಿಯಿಡೀ ತಣ್ಣಗೆ ಬಿದ್ದಿದ್ದ ತಗಡು 27 ಡಿಗ್ರಿಯಲ್ಲಿತ್ತು. ಕಣ್ಣಿಗೆ ಕಾಣದ ತೇವದ ಪೊರೆ ಹೀಗೆಯೇ ಕೂರುತ್ತದೆ. ಎಡ ಮಡ್‌ಗಾರ್ಡಿಗೆ ಹಿಂದೆ ಪ್ರೈಮರ್ ಹೊಡೆದ ಸಂಜೆ ಮಳೆ ಬಂದು ನಿಂತಿತ್ತು ಎಂದು ಹಳೆಯ ಪುಟದಲ್ಲಿದೆ. ಅಂದು ನಾನು ಏನನ್ನೂ ಅಳೆದಿರಲಿಲ್ಲ.

ಮಧ್ಯಾಹ್ನ ಆರ್ದ್ರತೆ 60ಕ್ಕಿಂತ ಕೆಳಗಿಳಿಯಿತು. ರಾತ್ರಿಯ ತೇವದಿಂದ ಮತ್ತೆ ಮಂಕಾಗಿದ್ದ ಗುಳಿಗಳಿಗೆ ಇನ್ನೊಮ್ಮೆ ಹಗುರವಾಗಿ ಬ್ಲಾಸ್ಟ್ ಮಾಡಿ, ಧೂಳು ತೆಗೆದು, ಬರಿಗೈ ತಾಗಿಸದೆ ಗ್ಲವ್ಸ್ ಹಾಕಿಕೊಂಡು ಎತ್ತಿ, ದೀಪದಡಿ ತಗಡನ್ನು 36 ಡಿಗ್ರಿಗೆ ಬೆಚ್ಚಗಾಗಿಸಿ ಎಪಾಕ್ಸಿ ಪ್ರೈಮರಿನ ಎರಡು ಕೋಟ್ ಹೊಡೆದೆ. ಅಂಚುಗಳಿಗೆ ಮೊದಲು ಬ್ರಷ್ಷಿನಿಂದ ಒಂದು ಪಟ್ಟಿ ಬಳಿದುಕೊಂಡೆ, ಏಕೆಂದರೆ ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದಕ್ಕೆ ಸರಿಯುತ್ತದೆ; ಸಮತಲದಲ್ಲಿ ದಪ್ಪವಾಗಿ ಕೂತ ಪದರ ಅಂಚಿನಲ್ಲಿ ತೀರಾ ತೆಳುವಾಗಿರುತ್ತದೆ.

118ನೆಯ ದಿನ

ಎಪಾಕ್ಸಿ ಗಟ್ಟಿಯಾದ ಮೇಲೆ ಅದನ್ನು ಒರಟುಮಾಡಿ, ಗುಳಿಗಳಿಗೆ ತೆಳುವಾಗಿ ಪುಟ್ಟಿ ಎಳೆದು, ನೀರಿಲ್ಲದೆ ಒಣದಾಗಿಯೇ ಉಜ್ಜಿದೆ. ಉಜ್ಜುವಾಗ ಎರಡು ಕಡೆ ಲೋಹ ಕಾಣಿಸಿತು. ಅಲ್ಲಿಗೆ ಅಂದೇ ಎಪಾಕ್ಸಿ ತಾಗಿಸಿದೆ, ಮರುದಿನಕ್ಕೆ ಬಿಡಲಿಲ್ಲ. ದಪ್ಪ ಅಳೆಯುವ ಮೀಟರಿನಲ್ಲಿ ಪುಟ್ಟಿಯಿಲ್ಲದ ಕಡೆ 110ರಿಂದ 130 ಮೈಕ್ರಾನ್ ತೋರಿಸುತ್ತಿದೆ. ಮೇಲ್ಬಣ್ಣದ ಮೊದಲು ಇನ್ನೊಂದು ಕೋಟ್ ಎಪಾಕ್ಸಿ ಆಗಬೇಕು.

ಬಲಗಡೆಯ ಮಡ್‌ಗಾರ್ಡನ್ನೂ ಬಿಚ್ಚಿ ನೋಡಿದೆ. ಹೊರಮೈ ನಿರ್ಮಲವಾಗಿದೆ. ಆದರೆ ಬೋಲ್ಟುಗಳನ್ನು ಬಿಗಿಯುವಾಗ ವಾಷರುಗಳು ತಿರುಗಿ ಬಣ್ಣವನ್ನು ಉಂಗುರಾಕಾರವಾಗಿ ಕೆರೆದಿದ್ದವು, ಏಳರಲ್ಲಿ ಎರಡು ಉಂಗುರಗಳು ಆಗಲೇ ಕಂದಾಗಿದ್ದವು. ಕೆರೆದು, ಎಪಾಕ್ಸಿ ತಾಗಿಸಿ, ಜೋಡಿಸುವಾಗ ಮೇಣ ಹಚ್ಚಿ ನೈಲಾನ್ ವಾಷರ್ ಹಾಕಲು ತೆಗೆದಿಟ್ಟಿದ್ದೇನೆ. ಹಳೆಯ ಬೀಡಿಂಗ್ ಒಳಬದಿಯಲ್ಲಿ ಕೆಸರು ಹಿಡಿದಿತ್ತು. ಅದನ್ನು ಮತ್ತೆ ಬಳಸುವುದಿಲ್ಲ.

ಎಡ ಮಡ್‌ಗಾರ್ಡ್ ಈಗ ಬೂದುಬಣ್ಣದ ಪ್ರೈಮರಿನಲ್ಲಿ ಶೆಡ್ಡಿನ ತೊಲೆಗೆ ನೇತಾಡುತ್ತಿದೆ. ಗುಳಿಗಳಿದ್ದ ಜಾಗವನ್ನು ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಗುರುತಿಸಿದ್ದೇನೆ. ಮೇಲ್ಬಣ್ಣವನ್ನು 140ನೆಯ ದಿನಕ್ಕಿಂತ ಮೊದಲು ಹೊಡೆಯುವುದಿಲ್ಲ. ಅಲ್ಲಿಯವರೆಗೆ ಪ್ರತಿ ಸಂಜೆ ಓರೆ ಬೆಳಕಿನಲ್ಲಿ ಆ ಜಾಗವನ್ನು ನೋಡಿ ಇಲ್ಲಿ ಬರೆಯುತ್ತೇನೆ. ಇಂದು ಸಂಜೆ ಏನೂ ಇರಲಿಲ್ಲ.