ಚಾರ್‌ಮಿನಾರ್‌ಗೆ ಹೋಗ್ತೀರಾ? ಫೋಟೋಗಿಂತ ಮೊದಲು ಗಾರೆ ನೋಡಿ

ಹೈದರಾಬಾದಿಗೆ ಹೋದವರೆಲ್ಲ ಚಾರ್‌ಮಿನಾರ್ ಮುಂದೆ ಒಂದು ಫೋಟೋ ತೆಗೆಸಿಕೊಂಡು, ಬಳೆ ಕೊಂಡು, ಬಿರಿಯಾನಿ ತಿಂದು ಬರುತ್ತಾರೆ. ತಪ್ಪೇನಿಲ್ಲ. ಆದರೆ ಇನ್ನೊಂದು ಗಂಟೆ ಅಲ್ಲೇ ಸುಮ್ನೆ ಓಡಾಡಿದರೆ, ನಾಲ್ಕು ಶತಮಾನದ ಕಟ್ಟಡ ಇಂಥ ಗದ್ದಲದ ನಡುವೆ ಹೇಗೆ ಉಳಿದುಕೊಂಡಿದೆ ಅನ್ನೋದು ಕಣ್ಣಿಗೇ ಕಾಣುತ್ತದೆ. ನನಗೆ ಅದೇ ಜಾಸ್ತಿ ಹಿಡಿಸಿತು.

ಬೆಂಗಳೂರಿನಿಂದ ಹೋಗುವವರು ಕಾಚಿಗುಡ ಸ್ಟೇಷನ್ನಿಗೆ ಟಿಕೆಟ್ ಮಾಡಿಸಿ. ಸಿಕಂದರಾಬಾದಿನಲ್ಲಿ ಇಳಿದರೆ ಹಳೇ ಊರು ದೂರ. ಯಶವಂತಪುರದಿಂದ ವಂದೇ ಭಾರತ್ ಇದೆ, ಆದರೆ ನನ್ನ ಪ್ರಕಾರ ರಾತ್ರಿ ರೈಲೇ ವಾಸಿ. ಬೆಳಿಗ್ಗೆ ಇಳಿದು, ಸ್ನಾನ ತಿಂಡಿ ಮುಗಿಸಿ ನೇರ ಹೊರಡಬಹುದು. ಬೀದರ್, ಕಲಬುರಗಿ ಕಡೆಯವರಿಗೆ ಬಸ್ಸೇ ಸಲೀಸು. ಊರಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್‌ನಲ್ಲಿ (ಮಹಾತ್ಮ ಗಾಂಧಿ ಬಸ್ ಸ್ಟೇಷನ್) ಇಳಿದರೆ ಚಾರ್‌ಮಿನಾರ್‌ಗೆ ಆಟೋದಲ್ಲಿ ಸ್ವಲ್ಪವೇ ದೂರ. ಮೆಟ್ರೋದಲ್ಲಿ ಬರುವವರೂ ಎಂಜಿಬಿಎಸ್‌ನಲ್ಲೇ ಇಳಿಯಬೇಕು.

ಆಟೋದವರಿಗೆ 'ಗುಲ್ಜಾರ್ ಹೌಜ್' ಅಂತ ಹೇಳಿ, ಅಲ್ಲೇ ಇಳಿದುಬಿಡಿ. ಅದೊಂದು ಹಳೇ ಕಾರಂಜಿ. ಅದರ ನಾಲ್ಕು ದಿಕ್ಕಿಗೂ ಒಂದೊಂದು ದೊಡ್ಡ ಕಮಾನು. ಒಟ್ಟಿಗೆ ಚಾರ್ ಕಮಾನ್ ಅನ್ನುತ್ತಾರೆ. ದಕ್ಷಿಣದ ಕಮಾನಿನ ಒಳಗಿಂದ ನಡೆದು ಬಂದರೆ ಚಾರ್‌ಮಿನಾರ್ ಎದುರಿಗೇ ನಿಂತಿರುತ್ತದೆ. ಈ ಊರನ್ನು ಹೀಗೇ ನೋಡಲಿ ಅಂತ ಕಟ್ಟಿದ್ದು. 1591ರಲ್ಲಿ ಗೋಲ್ಕೊಂಡದ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಷಾ ಹೊಸ ನಗರ ಕಟ್ಟಿಸಿದಾಗ ನಕ್ಷೆಯ ನಡುವೆ ಇಟ್ಟಿದ್ದು ಈ ಕಟ್ಟಡವನ್ನು. ನಗರದ ಯೋಜನೆ ಹಾಕಿದವರು ಇರಾನಿನಿಂದ ಬಂದ ಮೀರ್ ಮೋಮಿನ್. ಪ್ಲೇಗ್ ಹೋದ ನೆನಪಿಗೆ ಕಟ್ಟಿಸಿದ ಅನ್ನೋ ಕಥೆಯನ್ನು ಗೈಡುಗಳೆಲ್ಲ ಹೇಳುತ್ತಾರೆ. ಹಿಜರಿ ಲೆಕ್ಕದಲ್ಲಿ ಸಾವಿರ ವರ್ಷ ತುಂಬಿದ್ದಕ್ಕೆ ಅನ್ನುವವರೂ ಇದ್ದಾರೆ. ಗೋಲ್ಕೊಂಡಕ್ಕೆ ಸುರಂಗ ಇದೆ ಅಂತಲೂ ಹೇಳುತ್ತಾರೆ. ಸುರಂಗದ ಕಥೆ ಇಲ್ಲದ ಕೋಟೆ ಕೊತ್ತಲ ನಮ್ಮಲ್ಲಿ ಎಲ್ಲಿದೆ ಹೇಳಿ!

ನಮಗೂ ಇದಕ್ಕೂ ನಂಟಿದೆ. ಕುತುಬ್ ಷಾಹಿ ಮನೆತನದ ಮೊದಲಿಗ ಸುಲ್ತಾನ್ ಕುಲಿ ಬೀದರಿನ ಬಹಮನಿಗಳ ಕೈಕೆಳಗಿನ ಅಧಿಕಾರಿ. ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾದ ಮಿನಾರು ನೋಡಿ ಬಂದವರಿಗೆ ಇದು ಪೂರ್ತಿ ಹೊಸದು ಅನಿಸುವುದಿಲ್ಲ.

ಕಟ್ಟಡ ಚೌಕ. ಒಂದೊಂದು ಬದಿ ಸುಮಾರು 20 ಮೀಟರ್, ಒಂದೊಂದು ಕಮಾನು 11 ಮೀಟರ್ ಅಗಲ. ಕಮಾನುಗಳ ಮೇಲಿನ ಗಡಿಯಾರಗಳು ಮೂಲದ್ದಲ್ಲ, 1889ರಲ್ಲಿ ಕೂರಿಸಿದ್ದು. ಟಿಕೆಟ್ ಕೊಡುವುದು ಬೆಳಿಗ್ಗೆ ಒಂಬತ್ತೂವರೆಯಿಂದ. ಆ ಹೊತ್ತಿಗೇ ಹೋಗಿ. ಪಕ್ಕದ ಬಳೆ ಪೇಟೆ ಲಾಡ್ ಬಜಾರಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿರುವುದಿಲ್ಲ, ಜನ ಕಡಿಮೆ.

ಮೆಟ್ಟಿಲಿನ ಬಗ್ಗೆ ಎಚ್ಚರ. ಪೂರ್ತಿ ಮೇಲಿನವರೆಗೆ 149 ಸುತ್ತು ಮೆಟ್ಟಿಲು ಇವೆ, ಆದರೆ ನಮ್ಮನ್ನು ಬಿಡುವುದು ಮೊದಲ ಅಂತಸ್ತಿಗೆ ಮಾತ್ರ. ಅದೇ ಸಾಕು. ದಾರಿ ಇಕ್ಕಟ್ಟು, ಮೆಟ್ಟಿಲು ಎತ್ತರ, ಒಳಗೆ ಕತ್ತಲೆ. ಅತ್ತೆಗೆ ಮಂಡಿ ನೋವು. ಬಾಗಿಲಲ್ಲಿ ಇಣುಕಿ ನೋಡಿ, "ನೀವು ಹೋಗ್ಬನ್ನಿ, ನಾನು ಇಲ್ಲೇ ಚಹಾ ಕುಡೀತೀನಿ" ಅಂದುಬಿಟ್ಟರು. ಎದುರಿಗೇ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಸಿಗುತ್ತದೆ, ಆದ್ದರಿಂದ ಕಾಯುವವರಿಗೆ ಬೇಜಾರಿಲ್ಲ. ಮೇಲೆ ಹೋದರೆ ಮಕ್ಕಾ ಮಸೀದಿ, ನಾಲ್ಕು ಬೀದಿ ಎಲ್ಲ ಕಾಣುತ್ತವೆ. ಅದಕ್ಕೂ ಮೇಲೆ, ಪಶ್ಚಿಮದ ಬದಿಗೆ ಒಂದು ಮಸೀದಿ ಇದೆ, ಅಲ್ಲಿಗೆ ಬಿಡುವುದಿಲ್ಲ.

ಈಗ ಗಾರೆಯ ವಿಷಯ. ಕೆಳಗಿಳಿದ ಮೇಲೆ ಕಮಾನಿನ ಅಂಚಿಗೆ ಹತ್ತಿರ ನಿಂತು ನೋಡಿ. ಹೂವು, ಬಳ್ಳಿ, ಎಲೆ ಎಲ್ಲ ಕಲ್ಲಿನಲ್ಲಿ ಕೆತ್ತಿದ್ದು ಅಂದುಕೊಳ್ಳುತ್ತೇವೆ. ಅಲ್ಲ. ಒಳಗಿನ ಗೋಡೆ ಕಲ್ಲು, ಮೇಲಿನ ಅಲಂಕಾರ ಸುಣ್ಣದ ಗಾರೆ. ಕೆಲವು ಎಲೆಗಳ ಅಂಚು ಚೂಪಾಗಿದೆ, ಪಕ್ಕದ್ದು ಮೊಂಡಾಗಿ ಮಸುಕಾಗಿದೆ. ಒಂದು ಕಡೆ ಬಿಳಿ, ಇನ್ನೊಂದು ಕಡೆ ಹೊಗೆ ಹಿಡಿದ ಬೂದು. ಬೇರೆ ಬೇರೆ ಕಾಲದ ಕೈಗಳು ಮುಟ್ಟಿದ ಗುರುತು ಅದು.

ಮೊಗಲರ ಕಾಲದಲ್ಲಿ ಸಿಡಿಲು ಬಡಿದು ನೈಋತ್ಯದ ಮಿನಾರು ಕುಸಿದಿತ್ತು. 60,000 ರೂಪಾಯಿ ಖರ್ಚಿನಲ್ಲಿ ಮತ್ತೆ ಕಟ್ಟಿದರು ಅನ್ನುತ್ತದೆ ಇತಿಹಾಸ. 1824ರಲ್ಲಿ ಇಡೀ ಕಟ್ಟಡಕ್ಕೆ ಹೊಸ ಗಾರೆ ಬಳಿದರು, ಖರ್ಚು ಒಂದು ಲಕ್ಷ. 2019ರ ಮೇ ತಿಂಗಳಲ್ಲಿ ಒಂದು ಮಿನಾರಿನ ಗಾರೆ ಅಲಂಕಾರದ ತುಂಡು ಕಳಚಿ ಬಿತ್ತು. ಯಾರೋ 'ಚಾರ್‌ಮಿನಾರ್ ಬೀಳ್ತಿದೆ' ಅಂದರೆ ಗಾಬರಿ ಬೇಡ. ಸುಣ್ಣದ ಗಾರೆಗೆ ಆಗಾಗ ಕೈ ಹಾಕುತ್ತಲೇ ಇರಬೇಕು. ಸಿಮೆಂಟು ಬಳಿದರೆ ಮುಗೀತಲ್ಲ ಅನಿಸಬಹುದು. ಹಾಗಾಗಲ್ಲ. ಸುಣ್ಣ ಉಸಿರಾಡುತ್ತದೆ, ಮಳೆಗಾಲದಲ್ಲಿ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ತೇವವನ್ನು ಒಳಗೇ ಕೂಡಿಹಾಕಿ, ಕೊನೆಗೆ ಹಳೇ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಅದಕ್ಕೇ ಪುರಾತತ್ವ ಸರ್ವೇಕ್ಷಣೆಯವರು ಇಂಥ ಕಡೆ ಸುಣ್ಣದ ಕೆಲಸ ಬಲ್ಲವರನ್ನೇ ಹುಡುಕುತ್ತಾರೆ.

ಗಾರೆಗೆ ಇನ್ನೊಂದು ಶತ್ರು ವಾಹನಗಳು. ಹೊಗೆ ಒಂದು ಕಡೆ, ಅದುರುವಿಕೆ ಇನ್ನೊಂದು ಕಡೆ. ವರ್ಷಗಟ್ಟಲೆ ಎಳೆದಾಡಿದ ಮೇಲೆ ಈಗ ಸುತ್ತಲಿನ ಜಾಗ ನಡೆಯುವವರಿಗೆ ಸಿಕ್ಕಿದೆ, ಕಲ್ಲು ಹಾಸಿದ್ದಾರೆ. ಆದರೆ ತಳ್ಳುಗಾಡಿಗಳು ಆ ಜಾಗವನ್ನು ತುಂಬಿಕೊಂಡಿವೆ. ಅವರನ್ನು ಓಡಿಸಬೇಕು ಅಂತ ನಾನು ಹೇಳಲಾರೆ. ಬಜಾರಿಲ್ಲದ ಚಾರ್‌ಮಿನಾರ್ ಕಲ್ಪಿಸಿಕೊಳ್ಳೋದೇ ಕಷ್ಟ. ಬೇಜಾರಾಗಿದ್ದು ಒಳಗಿನ ಗೋಡೆ ನೋಡಿ. ಕೀಲಿಯಿಂದ ಗೀಚಿದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು. ಕನ್ನಡದಲ್ಲೂ ಒಂದು ಕಂಡೆ, ನಾಚಿಕೆಯಾಯಿತು.

ಬಳೆ ಕೊಳ್ಳುವವರು ಹನ್ನೊಂದರ ನಂತರ ಲಾಡ್ ಬಜಾರಿಗೆ ಇಳಿಯಿರಿ. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಮಾನ್ಯತೆ, ಸಿಕ್ಕಿದೆ. ಅಂಗಡಿಯವರು ಬಳೆ ಬಿಸಿ ಮಾಡಿ ಕೈ ಅಳತೆಗೆ ಸರಿಮಾಡಿ ಕೊಡುತ್ತಾರೆ. ಚೌಕಾಸಿ ಮಾಡಲೇಬೇಕು. ಹಿಂದಿ ಗೊತ್ತಿದ್ದರೆ ಸಾಕು, ನಮ್ಮ ಕಲಬುರಗಿ ಕಡೆಯ ದಖನಿ ಉರ್ದು ಬಂದರೆ ಇನ್ನೂ ಒಳ್ಳೇದು. ಅಲ್ಲಿಂದ ಚೌಮಹಲ್ಲಾ ಅರಮನೆಗೆ ನಡೆದೇ ಹೋಗಬಹುದು.

ದಿನ ಮಾತ್ರ ನೋಡಿ ಆರಿಸಿ. ಶುಕ್ರವಾರ ಚೌಮಹಲ್ಲಾಕ್ಕೂ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೂ ರಜೆ, ಮಧ್ಯಾಹ್ನದ ನಮಾಜಿಗೆ ಮಕ್ಕಾ ಮಸೀದಿ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಭಾನುವಾರವೂ ನೂಕುನುಗ್ಗಲು. ರಜೆ ಸಿಕ್ಕರೆ ಮಂಗಳವಾರ, ಬುಧವಾರ ಇಟ್ಟುಕೊಳ್ಳಿ. ದೀಪ ಹಾಕಿದ ಚಾರ್‌ಮಿನಾರ್ ನೋಡುವ ಆಸೆ ಇದ್ದರೆ ಸಂಜೆ ಇನ್ನೊಂದು ಸಲ ಬನ್ನಿ, ಅದಕ್ಕೆ ಟಿಕೆಟ್ ಬೇಕಿಲ್ಲ.