ಬಡ್ಡಿ ಇಲ್ಲದ ಸಾಲಕ್ಕೆ ಬಡ್ಡಿ ಕಟ್ಟಿದ ಕಥೆ

2025ರ ಗಣಪ್ಪನ ಹಬ್ಬದ ಹೊತ್ತಿಗೆ ನಮ್ಮ ಹೊಲದ ಹೆಸರುಕಾಳು ಗಿಡದಲ್ಲೇ ಮೊಳಕೆ ಒಡೆದಿತ್ತು. ಸರಿಯಾಗಿ ಬುಡ್ಡಿ, ಅಂದರೆ ಕಾಯಿ, ಬಿಡಿಸುವ ವಾರಕ್ಕೇ ಮಳೆ ಹಿಡಿಯಿತು, ಬಿಡಲೇ ಇಲ್ಲ. ನಮ್ಮದು ಗದಗದಿಂದ ರೋಣದ ಕಡೆ ಹೋಗುವ ದಾರಿಯ ಎರಿ ಭೂಮಿ, ಕಪ್ಪು ಮಣ್ಣು. ಮಳೆ ನಿಂತರೂ ನಾಲ್ಕು ದಿನ ಕಾಲಿಡೋಕೆ ಆಗಲ್ಲ, ಇನ್ನು ಮಷಿನ್ ಇಳಿಸುವ ಮಾತು ದೂರ. ಆಳು ಹಚ್ಚಿ ಕೈಗೆ ಸಿಕ್ಕಷ್ಟು ಬಿಡಿಸಿ, ಪಡಸಾಲೆ ತುಂಬ ಹರವಿ, ಎರಡು ಫ್ಯಾನ್ ಹಾಕಿ ಒಣಗಿಸಿದೆವು. ಒಂಬತ್ತು ಎಕರೆಗೆ ಏಳು ಕ್ವಿಂಟಲ್. ಅದೂ ಕಪ್ಪು ಕಾಳು. ಆ ವರ್ಷ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಮಾರ್ಕೆಟ್ಟಿನಲ್ಲಿ ಒಬ್ಬ ಖರೀದಿದಾರ ನಮ್ಮ ಚೀಲಕ್ಕೆ ಕೈ ಹಾಕಿ, ಮೂಸಿ ನೋಡಿ, ಸುಮ್ನೆ ಪಕ್ಕದ ಚೀಲಕ್ಕೆ ಹೋದ. ಕೊನೆಗೆ 4,500ಕ್ಕೆ ಕೊಟ್ಟು ಬಂದೆವು.

ಬೆಳೆ ಹೋಗುವುದು ನಮಗೆ ಹೊಸದೇನಲ್ಲ. 2023ರಲ್ಲಿ ಇದೇ ಹೆಸರು ನೀರಿಲ್ಲದೆ ಹೋಗಿತ್ತು. ಆ ವರ್ಷದ ಆಗಸ್ಟ್ ನೆನಪಿದೆಯಲ್ವಾ? 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲವಂತೆ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರದ ಪಟ್ಟಿಗೆ ಸೇರಿದವು. ಒಮ್ಮೆ ಒಣಗಿ ಹೋಯಿತು, ಒಮ್ಮೆ ಕೊಳೆತು ಹೋಯಿತು. ನಾನು ಹೇಳಬೇಕು ಅಂದುಕೊಂಡಿರುವುದು ಆ ಎರಡು ವರ್ಷದಲ್ಲಿ ಸಾಲದ ಜೊತೆ ನಾವು ಹೇಗೆ ನಡೆದುಕೊಂಡೆವು ಅನ್ನೋದನ್ನು.

2023ರಲ್ಲಿ ನಮಗೆ ಮೂರು ಕಡೆ ಕೊಡುವುದಿತ್ತು. ಸಹಕಾರಿ ಸೊಸೈಟಿಯಲ್ಲಿ ಬೆಳೆ ಸಾಲ, ಗೊಬ್ಬರದ ಅಂಗಡಿಯಲ್ಲಿ 38,000 ಉದ್ರಿ, ಆಮೇಲೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡಿದ ನಾಲ್ಕು ಎಕರೆಯ ಬಾಕಿ. ಸೊಸೈಟಿ ಸಾಲಕ್ಕೆ ವಾಯಿದೆ ಒಳಗೆ ತುಂಬಿದರೆ ಬಡ್ಡಿಯೇ ಇಲ್ಲ. ಅಂಗಡಿಯ ಉದ್ರಿಗೂ ಬಡ್ಡಿ ಇಲ್ಲ, ಚೀಲಕ್ಕೆ ಇಪ್ಪತ್ತು ಮೂವತ್ತು ಜಾಸ್ತಿ ಹಿಡಿದಿರುತ್ತಾರೆ ಅಷ್ಟೆ. ಆದರೆ ಅಂಗಡಿ ಇರುವುದು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ. ಅಂಗಡಿಯವರು ಒಂದು ದಿನ ನಾಲ್ಕು ಮಂದಿ ಎದುರು ನಮ್ಮ ಮನೆಯವರನ್ನು ಕೇಳಿದರು, "ಯಾವಾಗ ಕೊಡ್ತಿಯಪ್ಪ?" ಅಷ್ಟೇ. ಬೈಲಿಲ್ಲ, ಏನಿಲ್ಲ. ಅವತ್ತಿನಿಂದ ಇವರು ಬೈಕನ್ನು ಕೆರೆ ಕಡೆಯಿಂದ ಸುತ್ತು ಹಾಕಿ ಒಯ್ಯೋಕೆ ಶುರು ಮಾಡಿದರು. ಎರಡು ಕಿಲೋಮೀಟರ್ ಸುತ್ತು, ಪೆಟ್ರೋಲ್ ಬೇರೆ.

ಆಗ ನಾವು ಮಾಡಿದ್ದು ಕೇಳಿ. ನನ್ನ ಹೆಸರಿನಲ್ಲಿ ವಾರದ ಸಂಘದ ಸಾಲ ತೆಗೆದೆವು, ಗುಂಪಿನ ಮೇಲೆ ಕೊಡುವ ಮೈಕ್ರೋಫೈನಾನ್ಸ್ ಸಾಲ. 50,000, ಕೈಗೆ ಬಂದಾಗ ಅದರಲ್ಲಿ ಫೀಜು, ಇನ್ಶೂರೆನ್ಸು ಅಂತ ಸ್ವಲ್ಪ ಮುರಿದುಕೊಂಡಿದ್ದರು. ವಾರಕ್ಕೆ 610ರಂತೆ 104 ವಾರ. ಅಂಗಡಿಯವರ 38,000 ಒಂದೇ ಏಟಿಗೆ ಕೊಟ್ಟು ಇವರು ತಲೆ ಎತ್ತಿ ಬಂದರು. ನಾನೂ ಖುಷಿಯಿಂದ ಹೋಳಿಗೆ ಮಾಡಿದ್ದೆ, ನೆನೆಸಿಕೊಂಡರೆ ಈಗ ನಗು ಬರುತ್ತದೆ. ಬಡ್ಡಿ ಇಲ್ಲದ ಸಾಲ ತೀರಿಸೋಕೆ ಬಡ್ಡಿ ಸಾಲ ತೆಗೆದಿದ್ದೆವು. 610ನ್ನು 104ರಿಂದ ಗುಣಿಸಿ ನೋಡಿ, 63,440. ಆ ಗುಣಾಕಾರ ನಾನು ಮಾಡಿದ್ದು ಒಂದೂವರೆ ವರ್ಷ ಆದ ಮೇಲೆ.

ಪ್ರತಿ ವಾರ 610 ಹೊಂದಿಸುವ ಗದ್ದಲದಲ್ಲಿ ಸೊಸೈಟಿ ವಾಯಿದೆ ದಾಟಿತು. ದಾಟಿದರೆ ಆ ಸೊನ್ನೆ ಬಡ್ಡಿ ಹೋಯಿತು, ಬಡ್ಡಿ ಲೆಕ್ಕ ಹಚ್ಚುತ್ತಾರೆ, ಹಳೆಯದು ತೀರುವ ತನಕ ಹೊಸ ಸಾಲವೂ ಇಲ್ಲ. ಬರ ಪರಿಹಾರ ಅಂತ 2024ರ ಜನವರಿಯಲ್ಲಿ ಬಂದಿದ್ದು 2,000, ಉಳಿದದ್ದು ಬಂದಿದ್ದು ಮೇ ತಿಂಗಳಲ್ಲಿ. ಕೊನೆಗೆ ಅತ್ತೆಯವರು ನನಗೆ ಹಾಕಿದ್ದ ಬಂಗಾರದ ಸರ, ಬೋರಮಾಳ, ಅಡವಿಟ್ಟು ಸೊಸೈಟಿಗೆ ತುಂಬಿದೆವು. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಶಾಲೆಯಲ್ಲಿ ನಾವೆಲ್ಲ ಓದಿದ್ದೇ. ಇಂಥ ಊರಿನವರಾಗಿ ಸೊಸೈಟಿ ಸಾಲವನ್ನು ಕಡೆಗೆ ತಳ್ಳಿ ವಾರದ ಸಾಲಕ್ಕೆ ಕೈ ಒಡ್ಡಿದ್ದು ನೋಡಿ!

ವಾರದ ಸಾಲದ ಬಗ್ಗೆ ಇನ್ನೊಂದು ಮಾತು. ಒಂದು ಸಲ ಎರಡು ಕಂತು ತಪ್ಪಿದಾಗ ರಾತ್ರಿ ಎಂಟಕ್ಕೆ ವಸೂಲಿಯವರು ಮನೆ ಕಟ್ಟೆಗೆ ಬಂದು ಕೂತರು. ಜೊತೆಗೆ ನಮ್ಮ ಗುಂಪಿನ ಹೆಂಗಸರನ್ನೂ ಕರೆತಂದಿದ್ದರು, ನಾನು ಕಟ್ಟದಿದ್ದರೆ ಅವರ ಮೇಲೆ ಬೀಳುತ್ತದಲ್ಲ. ದಿನಾ ಬೆಳಿಗ್ಗೆ ನೀರಿಗೆ ಜೊತೆಯಲ್ಲಿ ಹೋಗುವವರು ಅವರು, ಮುಖ ಆ ಕಡೆ ತಿರುಗಿಸಿ ನಿಂತಿದ್ದರು. ಇಂಥ ಸಾಲದ ವಸೂಲಿಗೆ ಬೆಳಿಗ್ಗೆ 9ರ ಮೊದಲು, ಸಂಜೆ 6ರ ಮೇಲೆ ಫೋನ್ ಕೂಡ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ 2022ರಿಂದಲೇ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದ ಮೇಲೆ ಊರಲ್ಲಿ ಎಲ್ಲರೂ ಮಾತಾಡೋಕೆ ಶುರು ಮಾಡಿದರು, ಆಗ ತಿಳಿಯಿತು.

ಸರಿ, 2025ಕ್ಕೆ ಬರೋಣ. ಹೆಸರು ಕೊಳೆತ ಮೇಲೆ ಇವರು ಮಾತು ಬಿಟ್ಟರು. ಊಟಕ್ಕೆ ಕೂತರೆ ಅರ್ಧ ರೊಟ್ಟಿ. ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಅಂಗಳದಲ್ಲಿ ಕೂತಿರುತ್ತಿದ್ದರು. ಬೈಕ್ ಮತ್ತೆ ಕೆರೆ ದಾರಿ ಹಿಡಿಯಿತು. ಅದನ್ನು ನೋಡಿದ ದಿನ ನಾನು ಎರಡು ಕೆಲಸ ಮಾಡಿದೆ. ಮೊದಲನೆಯದು, ಹಿತ್ತಲ ಕೋಣೆಯಲ್ಲಿದ್ದ ಎಣ್ಣೆ ಬಾಟಲಿ, ಬೆಳೆಗೆ ಹೊಡೆಯುವ ಕೀಟನಾಶಕ, ಎಲ್ಲ ಚೀಲಕ್ಕೆ ತುಂಬಿ ಪಕ್ಕದ ಮನೆ ಅಕ್ಕನ ಹತ್ತಿರ ಇಟ್ಟು ಬಂದೆ. ಅವರು ಏನೂ ಕೇಳಲಿಲ್ಲ, ಒಳಗೆ ಇಟ್ಟು ಕೀಲಿ ಹಾಕಿದರು. ಎರಡನೆಯದು, ಮಾಳಿಗೆ ಹತ್ತಿ 14416ಕ್ಕೆ ಫೋನ್ ಹಚ್ಚಿದೆ. ಅದು ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹೆಣ್ಣುಮಗಳು ನನಗೆ ಬುದ್ಧಿವಾದ ಹೇಳಲಿಲ್ಲ. ಅವರನ್ನು ಒಬ್ಬರನ್ನೇ ಬಿಡಬೇಡಿ, ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ, ಕೇಳಿದರೆ ಕೆಟ್ಟದ್ದಾಗುವುದಿಲ್ಲ ಅಂದರು. ಕೇಳೋಕೆ ನನಗೆ ಎರಡು ದಿನ ಬೇಕಾಯಿತು. ಕೇಳಿದಾಗ ಇವರು ಬಹಳ ಹೊತ್ತು ಸುಮ್ಮನಿದ್ದು, "ಒಮ್ಮೊಮ್ಮೆ ಬರತೈತಿ" ಅಂದರು.

ಅವತ್ತು ರಾತ್ರಿ ಮಗನ ಹಳೆಯ ಪಿಯುಸಿ ನೋಟ್‌ಬುಕ್ ತೆಗೆದು ಹಿಂದಿನ ಪುಟದಿಂದ ಬರೆಯೋಕೆ ಕೂತೆ. ಸೊಸೈಟಿ 1,20,000. ಗೊಬ್ಬರದ ಅಂಗಡಿ 46,000. ಲಾವಣಿ ಬಾಕಿ 24,000. ನಾದಿನಿ ಗಂಡನ ಕೈಗಡ 30,000. ವಾರದ್ದು ಒಂಬತ್ತು ಕಂತು ಉಳಿದಿತ್ತು, 5,490. ಮುಗೀತು ಅಂತ ಕೂಡಿಸೋಕೆ ಹೋದೆ. ಇವರು ಗೋಡೆ ನೋಡುತ್ತಾ, "ಇನ್ನೊಂದ್ ಐತಿ" ಅಂದರು.

ಇಪ್ಪತ್ತು ಸಾವಿರ. ಊರಲ್ಲೇ ಒಬ್ಬರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ, ಬಿತ್ತನೆ ಹೊತ್ತಿನಲ್ಲಿ. ತಿಂಗಳಿಗೆ 600. ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಟ್ಟು 2,45,490 ಅಂತ ಬರೆದು ಅಡಿಗೆ ಎರಡು ಗೆರೆ ಎಳೆದೆ. ಬರೆದರೆ ಮನಸ್ಸು ಹಗುರ ಆಗುತ್ತದೆ ಅಂತಾರಲ್ಲ, ನನಗೆ ಹಾಗೇನೂ ಆಗಲಿಲ್ಲ, ಅವತ್ತು ನಾನೂ ನಿದ್ದೆ ಮಾಡಲಿಲ್ಲ.

ಜಗಳ ಶುರು ಆಗಿದ್ದು ಮರುದಿನ. ಹೆಸರು ಮಾರಿದ 31,500 ಕೈಯಲ್ಲಿತ್ತು. ಇವರು ಅಂಗಡಿಗೆ ಕೊಡೋಣ ಅಂದರು, "ಅವರ ಮಾರಿ ಹೆಂಗ ನೋಡ್ಲಿ?" ನಾನು ನೋಟ್‌ಬುಕ್ ತೋರಿಸಿದೆ. "ಅಂಗಡ್ಯಾವ್ರು ಬಡ್ಡಿ ಕೇಳ್ಯಾರೇನ್ರಿ? ಇಲ್ಲಲಾ. ಮೂರು ರೂಪಾಯಿದು ಮೊದಲ ಹರೀರಿ." ನಾವು ಯಾರ ಮುಂದೆ ನಾಚಿಕೆ ಜಾಸ್ತಿಯೋ ಅವರಿಗೆ ಮೊದಲು ಕೊಡುತ್ತೇವೆ, ಯಾವುದಕ್ಕೆ ಬಡ್ಡಿ ಜಾಸ್ತಿಯೋ ಅದಕ್ಕಲ್ಲ. ನಮ್ಮೂರಲ್ಲಿ ಮುಳುಗಿದ ಮನೆಗಳನ್ನು ನೋಡಿದರೆ ಹೆಚ್ಚಿನವು ಹೀಗೆ ಮುಳುಗಿವೆ ಅಂತ ನನಗೆ ಅನಿಸುತ್ತದೆ. ಮೂರು ರೂಪಾಯಿ ಸಾಲ ಬಡ್ಡಿ ಸಮೇತ ಅವತ್ತೇ ತೀರಿತು. ಉಳಿದದ್ದರಲ್ಲಿ ವಾರದ ಕಂತು ತೆಗೆದಿಟ್ಟೆ.

ಅಂಗಡಿಗೆ ಇಬ್ಬರೂ ಹೋದೆವು. ನಾನು ಜೊತೆಗೆ ಬರುತ್ತೇನೆ ಅಂದಾಗ ಇವರು ಬೇಡ ಅಂದಿದ್ದರು. ಕಡಲೆ ಬಂದ ಮೇಲೆ ಅರ್ಧ, ಉಳಿದದ್ದು ಮುಂದಿನ ಹೆಸರಿಗೆ ಅಂತ ನಾನೇ ಹೇಳಿದೆ. ಅಂಗಡಿಯವರು ಸಿನಿಮಾದಲ್ಲಿ ತೋರಿಸುವ ಹಾಗೆ ಕರಗಲಿಲ್ಲ. ಕ್ಯಾಲೆಂಡರ್ ಕಡೆ ನೋಡಿ, "ಆತವಾ, ಆದ್ರ ಹಿಂಗಾರಿಗೆ ಉದ್ರಿ ಇಲ್ಲ, ರೊಕ್ಕ ಕೊಟ್ಟು ಒಯ್ಯಿರಿ" ಅಂದರು. ನ್ಯಾಯವಾದ ಮಾತೇ. ಅವರೂ ಕಂಪನಿಗೆ ಕೊಡಬೇಕಲ್ಲ.

ಹಿಂಗಾರಿ ಬಿತ್ತನೆಗೆ ಬೋರಮಾಳ ಮತ್ತೆ ಬ್ಯಾಂಕ್ ಕಂಡಿತು, 60,000. ಬಂಗಾರದ ರೇಟು ಏರಿದ್ದರಿಂದ ಅದೇ ಬೋರಮಾಳಕ್ಕೆ ಹಿಂದಿನ ಸಲಕ್ಕಿಂತ ಜಾಸ್ತಿ ಸಿಕ್ಕಿತು, ಖುಷಿಪಡಬೇಕೋ ಏನೋ. ಜೆಜಿ-11 ತಳಿಯ ಕಡಲೆ ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ತಂದೆವು.

ಪರಿಹಾರದ ಲೆಕ್ಕ ಗೊತ್ತಿರಲಿ. ಮಳೆ ಆಶ್ರಿತ ಬೆಳೆಗೆ ಕೇಂದ್ರದ ಆಗಿನ ನಿಯಮದಂತೆ ಹೆಕ್ಟೇರಿಗೆ 8,500 ಇತ್ತು, ಎರಡು ಹೆಕ್ಟೇರ್ ತನಕ ಮಾತ್ರ. 2025ರಲ್ಲಿ ರಾಜ್ಯ ಸರ್ಕಾರ ಇನ್ನೂ 8,500 ಸೇರಿಸಿತು. ನಮ್ಮ ಸ್ವಂತ ಐದು ಎಕರೆಗೆ, ಅಂದರೆ ಎರಡು ಹೆಕ್ಟೇರಿಗೆ, 34,000 ಬಂತು, ಅದರಲ್ಲಿ ಲಾವಣಿ ಬಾಕಿ ಹರಿಯಿತು. ಲಾವಣಿ ಹೊಲದ್ದು ಮಾತ್ರ ಉತಾರ, ಅಂದರೆ ಪಹಣಿ, ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ ಹೋಗುತ್ತದೆ. ಬೀಜ ನಮ್ಮದು, ಗೊಬ್ಬರ ನಮ್ಮದು, ಕೊಳೆತಿದ್ದು ನಮ್ಮದು, ಪರಿಹಾರ ಹುಬ್ಬಳ್ಳಿಯಲ್ಲಿರುವ ಮಾಲೀಕರಿಗೆ! ಬಾಕಿ ಕೊಡೋಕೆ ಹೋದಾಗ ಕೇಳಿದೆವು. ಅರ್ಧ ಕೊಟ್ಟರು. ಕೇಳದಿದ್ದರೆ ಅದೂ ಇಲ್ಲ.

ಬೆಳೆ ವಿಮೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದೇ ಇಲ್ಲ. ಕಂತು ಕಟ್ಟಿದ್ದೇವೆ, ಮುಂಗಾರಿಗೆ ನಮ್ಮ ಪಾಲು ವಿಮೆ ಮೊತ್ತದ ನೂರಕ್ಕೆ ಎರಡು. ಹೊಲದಲ್ಲಿ ನೀರು ನಿಂತಾಗ 72 ತಾಸಿನೊಳಗೆ ದೂರನ್ನೂ ಕೊಟ್ಟಿದ್ದೇವೆ. ಆದರೆ ಹೆಸರಿನಂಥ ಬೆಳೆಗೆ ಇಳುವರಿ ನೋಡುವುದು ಇಡೀ ಪಂಚಾಯಿತಿಯದ್ದನ್ನು ಸೇರಿಸಿ, ಒಬ್ಬರ ಹೊಲವನ್ನಲ್ಲ. ಬಂದಾಗ ಬರಲಿ, ಬರುವ ಹಣ ಅಂತ ಅದರ ಮೇಲೆ ಕೈಗಡ ಮಾತ್ರ ಮಾಡಬೇಡಿ, ನಾವು ಒಮ್ಮೆ ಮಾಡಿ ಸುಟ್ಟುಕೊಂಡಿದ್ದೇವೆ. ಬ್ಯಾಂಕಿನಲ್ಲಿ ಬೆಳೆ ಸಾಲ ಇದ್ದವರು ಇನ್ನೊಂದು ಕೇಳಿ ನೋಡಿ. ಸರ್ಕಾರ ಹಾನಿ ಘೋಷಿಸಿದ ಕಡೆ ನಷ್ಟ ಜಾಸ್ತಿ ಆಗಿದ್ದರೆ ಆ ಸಾಲವನ್ನು ಕೆಲವು ವರ್ಷದ ಕಂತಿನ ಸಾಲವಾಗಿ ಬದಲಿಸಿಕೊಡುವ ಅವಕಾಶ ಇದೆ. ತಾವಾಗಿ ಕರೆದು ಹೇಳುವವರು ಕಡಿಮೆ, ವಾಯಿದೆ ದಾಟುವ ಮೊದಲೇ ಅರ್ಜಿ ಬರೆದು ಕೊಡಬೇಕು.

ಕಡಲೆಗೂ ಅಲ್ಲಲ್ಲಿ ಸಿಡಿ ರೋಗ, ಅಂದರೆ ಗಿಡ ಸೊರಗಿ ಒಣಗುವ ರೋಗ, ಬಿತ್ತು. 29 ಕ್ವಿಂಟಲ್ ಆಯಿತು, 5,300ರಂತೆ ಹೋಯಿತು. ಸೊಸೈಟಿಯ 1,20,000 ವಾಯಿದೆ ಒಳಗೇ ತುಂಬಿ ರಸೀದಿಯನ್ನು ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ. ಅಂಗಡಿಗೆ 23,000 ಕೊಟ್ಟೆವು. ಇನ್ನೂ ಅಂಗಡಿಯದ್ದು ಅಷ್ಟೇ ಇದೆ, ನಾದಿನಿ ಮನೆಯದ್ದು ಪೂರ್ತಿ ಇದೆ, ಬೋರಮಾಳ ಬ್ಯಾಂಕಿನಲ್ಲೇ ಇದೆ. ನಾದಿನಿ ಮೊನ್ನೆ ಫೋನ್ ಮಾಡಿದಾಗ ರೊಕ್ಕದ ಮಾತು ಎತ್ತಲಿಲ್ಲ, ಅದು ಇನ್ನೂ ಕಷ್ಟ.

ಬೈಕ್ ಈಗ ಬಸ್ ಸ್ಟ್ಯಾಂಡ್ ದಾರಿಯಲ್ಲೇ ಹೋಗುತ್ತದೆ. ಇವರು ಒಂದೂವರೆ ರೊಟ್ಟಿ ತಿನ್ನುತ್ತಾರೆ, ಮೊದಲಿನ ಹಾಗೆ ಮೂರಿಲ್ಲ. ಹೋದ ವಾರ ಪಕ್ಕದ ಮನೆ ಅಕ್ಕ ಬಾವಿ ಕಟ್ಟೆಯ ಹತ್ತಿರ ಸಣ್ಣ ದನಿಯಲ್ಲಿ ಕೇಳಿದರು, "ಆ ಚೀಲ ವಾಪಸ್ ಒಯ್ತಿಯೇನ?"

"ಇರಲಿ ಬಿಡಕ್ಕಾ," ಅಂದೆ. "ಈ ಸಲದ ಹೆಸರು ಮನಿಗೆ ಬರೂತನ ಇರಲಿ."